ಮಾಸಿನ ಸಂದೇಶ: ಒಂದು ಶೋಧದ ಚರಿತ್ರೆ

ಕನ್ನಡ ಜನಪದರ ಬದುಕಿನಲ್ಲಿ ಮಾಸು ಕಣ್ಣಿಗೆ ಬೀಳುವುದು ಹೆರಿಗೆಯ ಕೊನೆಯಲ್ಲಿ. ಮಗು ಹುಟ್ಟಿದರೂ ಮಾಸು ಬೀಳುವವರೆಗೆ ಸೂಲಗಿತ್ತಿಗೆ ನೆಮ್ಮದಿಯಿಲ್ಲ. ಬಿದ್ದ ಮೇಲೆ ಅದನ್ನು ಹೂಳುವ ವಿಧಿ. ಅದಕ್ಕೆ ಮೊದಲು ಗರ್ಭದೊಳಗೆ ಅದು ಮಾಡಿದ ಕೆಲಸವೇನೆಂಬುದು ವೈದ್ಯಶಾಸ್ತ್ರಕ್ಕೂ ಬಹುಕಾಲ ಅಸ್ಪಷ್ಟವಾಗಿಯೇ ಇತ್ತು.

ತಾಯಿಯ ರಕ್ತವೂ ಭ್ರೂಣದ ರಕ್ತವೂ ಬೆರೆಯುವುದಿಲ್ಲವೆಂಬುದನ್ನು 18ನೆಯ ಶತಮಾನದಲ್ಲಿ ಲಂಡನ್ನಿನ ವಿಲಿಯಂ ಹಂಟರ್, ಜಾನ್ ಹಂಟರ್ ಸೋದರರು ತೋರಿಸಿದರು. (ಅದರ ಕೀರ್ತಿ ಯಾರದೆಂದು ಸೋದರರೇ ಕಲಹವಾಡಿದ್ದೂ ಉಂಟು.) ಹಾಗಿದ್ದರೆ ಗರ್ಭ ನಿಂತ ಸುದ್ದಿ ತಾಯಿಯ ದೇಹಕ್ಕೆ ತಿಳಿಯುವುದು ಹೇಗೆ? ಮಾಸು ತಾನೇ ರಸಗಳನ್ನು ಸ್ರವಿಸಿ ತಾಯಿಯ ಅಂಗಗಳನ್ನು ಮಾರ್ಪಡಿಸುತ್ತದೆಂದು 1905ರಲ್ಲಿ ವಿಯೆನ್ನಾದ ಯೋಸೆಫ್ ಹಾಲ್ಬನ್ ಪ್ರತಿಪಾದಿಸಿದರು.

ಆದರೆ ಸಂದೇಶ ಸಿಕ್ಕಿದಾಗ ಅದನ್ನು ಕಳುಹಿಸಿದವರ ಹೆಸರು ತಪ್ಪಾಯಿತು. 1927ರಲ್ಲಿ ಬರ್ಲಿನ್ನಿನ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಜೊಂಡೆಕ್ ಗರ್ಭಿಣಿಯರ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿದರು. ಇನ್ನೂ ಬಲಿಯದ ಅಂಡಾಶಯಗಳು ಪಕ್ವಗೊಂಡವು. ಗರ್ಭಪರೀಕ್ಷೆಗೆ ಇದೇ ಆಧಾರವಾಯಿತು. ಪಿಟ್ಯುಟರಿ ಗ್ರಂಥಿಯ ತುಣುಕೂ ಇಲಿಗಳಲ್ಲಿ ಇಂಥದೇ ಪರಿಣಾಮ ತೋರುತ್ತಿದ್ದುದರಿಂದ, ಮೂತ್ರದಲ್ಲಿನ ಸತ್ತ್ವವೂ ಆ ಗ್ರಂಥಿಯದೇ ಎಂದು ಅವರು ಬಗೆದರು. ತಪ್ಪು ಸಹಜವಾದದ್ದೇ, ಪರೀಕ್ಷೆಯ ಉಪಯೋಗಕ್ಕಂತೂ ಅದರಿಂದ ಕುಂದು ಬರಲಿಲ್ಲ. ಯಹೂದ್ಯರಾಗಿದ್ದ ಈ ಇಬ್ಬರನ್ನೂ ನಾಜಿ ಆಡಳಿತ ಜರ್ಮನಿಯಿಂದ ಹೊರದೂಡಿತು. ಜೊಂಡೆಕ್ ಜೆರೂಸಲೇಮಿನಲ್ಲಿಯೂ ಆಶ್‌ಹೈಮ್ ಪ್ಯಾರಿಸ್ಸಿನಲ್ಲಿಯೂ ನೆಲೆ ಕಂಡರು.

1938ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾರ್ಜ್ ಗೈ, ಜಾರ್ಜಿಯಾನಾ ಸೀಗರ್ ಮತ್ತು ಲೂಯಿ ಹೆಲ್‌ಮನ್ ಮಾಸಿನ ಜೀವಕೋಶಗಳನ್ನು ದೇಹದ ಹೊರಗೆ ಬೆಳೆಸಿ, ಅವೇ ಈ ಹಾರ್ಮೋನನ್ನು ಉತ್ಪಾದಿಸುವುದನ್ನು ವರದಿ ಮಾಡಿದರು. ಅಂಡಾಶಯದಲ್ಲಿ ಪ್ರೊಜೆಸ್ಟರಾನ್ ತಯಾರಿಕೆ ನಿಲ್ಲದಂತೆ ನೋಡಿಕೊಂಡು ಮುಟ್ಟನ್ನು ತಡೆಯುವ ಸಂದೇಶ ಇದೇ. 2023ರಲ್ಲಿ ಪ್ರಕಟವಾದ ಮಾರ್ಲೇನಾ ಫೆಜೊ, ಸ್ಟೀಫನ್ ಓ'ರಾಹಿಲಿ ಮೊದಲಾದವರ ಅಧ್ಯಯನ ಬಸಿರಿನ ವಾಂತಿಗೂ ಇಂಥದೇ ಮೂಲವನ್ನು ಗುರುತಿಸಿತು: ಗರ್ಭಿಣಿಯ ರಕ್ತದಲ್ಲಿ ಏರುವ ಜಿಡಿಎಫ್15 ಎಂಬ ಹಾರ್ಮೋನು ಬಹುಪಾಲು ಭ್ರೂಣ ಮತ್ತು ಮಾಸಿನಿಂದ ಬರುವಂಥದು.

ಬಸುರಿಯ ಬಯಕೆ ಒಡಲೊಳಗಿನ ಕೂಸಿನದೆಂಬ ನಂಬಿಕೆ ಹಳೆಯದು. ಸುಶ್ರುತಸಂಹಿತೆಯೂ ನಾಲ್ಕನೆಯ ತಿಂಗಳ ಗರ್ಭಿಣಿಯನ್ನು ಎರಡು ಹೃದಯಗಳುಳ್ಳವಳೆಂದು ಕರೆಯುತ್ತದೆ. ಇಂದಿನ ಶೋಧವನ್ನು ಇದರೊಡನೆ ಗಂಟುಹಾಕಿ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆನ್ನುವುದು ಸರಿಯಾಗದು. ಅಲ್ಲಿ ಮಾತನಾಡುವುದು ಭ್ರೂಣದ ಹೃದಯ. ಬಾಲ್ಟಿಮೋರಿನ ಗಾಜಿನ ಪಾತ್ರೆಯಲ್ಲಿ ಹೃದಯವೂ ಇರಲಿಲ್ಲ, ಕೂಸೂ ಇರಲಿಲ್ಲ. ಇದ್ದುದು ಮಾಸಿನ ಕೋಶಗಳು ಮಾತ್ರ.