ಶೌರ್ಯ ಯಾರ ಸ್ವತ್ತು?

ಗ್ರೀಕರ ಯುದ್ಧ ಅಂದ ಕೂಡಲೇ ಥರ್ಮಾಪಿಲೆಯ ಕಣಿವೆಯನ್ನೂ ಅಲ್ಲಿ ಮಡಿದ 300 ಸ್ಪಾರ್ಟನ್ನರನ್ನೂ ನೆನೆಯುವುದು ರೂಢಿ. ಕ್ರಿ.ಪೂ. 480ರ ಆ ಕಾಳಗದ ಹೆಣಗಳ ನಡುವೆ ಹೆಲಟರ ಹೆಣಗಳೂ ಬಿದ್ದಿದ್ದವು ಎಂದು ಹೆರೊಡೋಟಸನೇ ಬರೆದಿದ್ದಾನೆ. ಎಷ್ಟು ಅಂತ ಹೇಳಿಲ್ಲ. ಮರುವರ್ಷ ಪ್ಲಟೀಯಾದಲ್ಲಿ 5,000 ಸ್ಪಾರ್ಟನ್ನರ ಜೊತೆ, ತಲಾ ಏಳು ಮಂದಿಯಂತೆ, 35,000 ಹೆಲಟರಿದ್ದರು ಅನ್ನುವುದೂ ಅವನದೇ ಲೆಕ್ಕ. ಈ ಸಂಖ್ಯೆ ಜಾಸ್ತಿಯಾಯಿತು ಎನ್ನುವ ಇತಿಹಾಸಕಾರರಿದ್ದಾರೆ. ಇರಲಿ, ಅರ್ಧಕ್ಕರ್ಧ ಕಳೆದರೂ ಒಡೆಯರಿಗಿಂತ ಊಳಿಗದವರೇ ಹೆಚ್ಚು. ಗೆದ್ದ ಮೇಲೆ ಸತ್ತ ಹೆಲಟರನ್ನು ಬೇರೆ ಗೋರಿಯಲ್ಲಿ ಹೂಳಿದರು. ಒಟ್ಟಿಗೆ ಸತ್ತರೂ ಮಣ್ಣು ಬೇರೆ.

ಯಾರು ಈ ಹೆಲಟರು? ಸ್ಪಾರ್ಟಾ ಗೆದ್ದುಕೊಂಡ ಮೆಸ್ಸೀನಿಯಾ ಮತ್ತು ಲಕೋನಿಯಾದ ರೈತಾಪಿ ಜನ. ತಮ್ಮದೇ ನೆಲದಲ್ಲಿ ಜೀತಗೆಯ್ದು ಬೆಳೆಯ ಪಾಲನ್ನು ಒಡೆಯರಿಗೆ ಅಳೆದು ಕೊಡುತ್ತಿದ್ದವರು. ಸ್ಪಾರ್ಟಾದ ಪೌರ ನೇಗಿಲು ಮುಟ್ಟುವಂತಿರಲಿಲ್ಲ, ಕಸುಬು ಮಾಡುವಂತಿರಲಿಲ್ಲ. ಬದುಕಿಡೀ ಯುದ್ಧದ ತಾಲೀಮು. ಪೌರರ ಸಾಮೂಹಿಕ ಭೋಜನಕ್ಕೆ ತನ್ನ ಪಾಲಿನ ದವಸ ಕೊಡಲಾಗದವನು ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದ. ಆ ದವಸ ಬೆಳೆದವರು ಹೆಲಟರು. ಅಂದರೆ ಜಗತ್ತು ಕೊಂಡಾಡುವ ಆ ವೀರ ಸಂಸ್ಕೃತಿ ನಿಂತಿದ್ದು ಇವರ ಬೆನ್ನ ಮೇಲೆ.

ಉಂಡವರಿಗೆ ಉಣಿಸಿದವರ ಭಯವಿತ್ತು. 'ಎಫರ್' ಎಂಬ ಅಧಿಕಾರಿಗಳು ಪ್ರತಿವರ್ಷ ಅಧಿಕಾರ ವಹಿಸಿಕೊಂಡೊಡನೆ ಹೆಲಟರ ಮೇಲೆ ಯುದ್ಧ ಸಾರುತ್ತಿದ್ದರು ಎಂದು ಪ್ಲುಟಾರ್ಕ್, ಅರಿಸ್ಟಾಟಲನ ಹೆಸರು ಹೇಳಿ, ಬರೆಯುತ್ತಾನೆ. ಯಾಕೆ? ಕೊಂದರೆ ಕೊಂದವನಿಗೆ ಮೈಲಿಗೆ ತಟ್ಟಬಾರದು, ಅದಕ್ಕೆ. ಕೊಲೆಗೆ ಮಡಿಯ ರಕ್ಷಣೆ! ರಾತ್ರಿ ಹೊತ್ತು ಕಠಾರಿ ಹಿಡಿದು ಹೊರಟ ಸ್ಪಾರ್ಟನ್ ಯುವಕರು ಗಟ್ಟಿಮುಟ್ಟಾದ ಹೆಲಟರನ್ನೇ ಹುಡುಕಿ ಕೊಲ್ಲುತ್ತಿದ್ದರು.

ಇನ್ನೊಂದು ಸಂಗತಿಯನ್ನು ಥುಸಿಡಿಡೀಸ್ ದಾಖಲಿಸಿದ್ದಾನೆ. ಯುದ್ಧದಲ್ಲಿ ನಮಗಾಗಿ ಚೆನ್ನಾಗಿ ಹೋರಾಡಿದವರು ಮುಂದೆ ಬನ್ನಿ, ಬಿಡುಗಡೆ ಕೊಡ್ತೀವಿ ಎಂದು ಸ್ಪಾರ್ಟಾ ಸಾರಿತು. ಸುಮಾರು 2,000 ಮಂದಿಯನ್ನು ಆರಿಸಿದರು. ಅವರು ತಲೆಗೆ ಹೂಮಾಲೆ ಸುತ್ತಿಕೊಂಡು ಗುಡಿಗುಡಿ ಸುತ್ತಿದರು. ಆಮೇಲೆ ಅವರು ಕಾಣೆಯಾದರು. ಒಬ್ಬೊಬ್ಬನೂ ಹೇಗೆ ಸತ್ತ ಅನ್ನೋದು ಯಾರಿಗೂ ಗೊತ್ತಾಗಲಿಲ್ಲ. ಬಿಡುಗಡೆ ನನ್ನ ಹಕ್ಕು ಎಂದು ಮೊದಲು ಎದ್ದು ನಿಲ್ಲುವವನೇ ನಾಳೆ ದಂಗೆ ಏಳುವವನು ಎಂಬುದು ಒಡೆಯರ ಲೆಕ್ಕಾಚಾರ. ಒಡೆಯನಲ್ಲಿ ಗುಣವಾದ ಶೌರ್ಯ ಊಳಿಗದವನಲ್ಲಿ ಅಪರಾಧವಾಯಿತು. ಹಾಗಿದ್ದೂ ಕ್ರಿ.ಪೂ. 424ರಲ್ಲಿ 700 ಹೆಲಟರ ಕೈಗೆ ಆಯುಧ ಕೊಟ್ಟು ಬ್ರಾಸಿಡಾಸನ ದಂಡಿನಲ್ಲಿ ದೂರದ ಯುದ್ಧಕ್ಕೆ ಅಟ್ಟಿದರು.

ಹೆಲಟರನ್ನು ಅಸ್ಪೃಶ್ಯರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪಾಗುತ್ತದೆ. ಅವರು ಒಡೆಯನ ಮನೆಯೊಳಗೂ ದುಡಿದವರು. ಮುಟ್ಟಬಾರದವರೆಂದು ಊರಾಚೆ ಇಟ್ಟಿರಲಿಲ್ಲ. ಆದರೆ ಆಯುಧದ ಪ್ರಶ್ನೆ ಎರಡೂ ಕಡೆ ಇದೆ. ಚಾತುರ್ವರ್ಣ್ಯವು ಕೆಳಜಾತಿಗಳಿಗೆ ಆಯುಧವನ್ನೂ ವಿದ್ಯೆಯನ್ನೂ ನಿರಾಕರಿಸಿದ್ದರಿಂದಲೇ ಇಲ್ಲಿ ಸಾಮಾಜಿಕ ಕ್ರಾಂತಿ ಸಾಧ್ಯವಾಗಲಿಲ್ಲ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದರು. ಹೆಲಟರು ಮಾತ್ರ ದಂಗೆ ಎದ್ದರು. ಕ್ರಿ.ಪೂ. 464ರ ಸುಮಾರಿಗೆ ಭೂಕಂಪದಲ್ಲಿ ಸ್ಪಾರ್ಟಾ ನೆಲಕಚ್ಚಿದಾಗ ಇಥೋಮೆ ಬೆಟ್ಟ ಹಿಡಿದು ವರ್ಷಗಟ್ಟಲೆ ಕಾದರು.

ಕ್ರಿ.ಪೂ. 371ರಲ್ಲಿ ಲ್ಯೂಕ್ಟ್ರಾದಲ್ಲಿ ಥೀಬ್ಸ್ ಸ್ಪಾರ್ಟಾವನ್ನು ಮುರಿಯಿತು. ಥೀಬ್ಸಿನವರು ಲಕೋನಿಯಾಕ್ಕೆ ನುಗ್ಗಿದಾಗ ಸೆರೆಸಿಕ್ಕ ಹೆಲಟರಿಗೆ ಸ್ಪಾರ್ಟಾದ ಪ್ರಸಿದ್ಧ ಕವಿಗಳ ಹಾಡು ಹೇಳಿ ಅಂದರಂತೆ. ಒಡೆಯರಿಗೆ ಇಷ್ಟವಿಲ್ಲ, ಹಾಡೋದಿಲ್ಲ ಅಂದರು ಅವರು. ಕುಡಿಸಿ, ಕೀಳು ಹಾಡುಗಳನ್ನಷ್ಟೇ ಹಾಡಿಸಿ, ಅವರನ್ನು ನಗೆಪಾಟಲು ಮಾಡುತ್ತಿದ್ದರು ಒಡೆಯರು. ಆಯುಧದಂತೆ ಕಾವ್ಯಕ್ಕೂ ಬೇಲಿಯಿತ್ತು. ಆ ಬೇಲಿ ಹೆಲಟರ ನಾಲಗೆಯ ಮೇಲೂ ಬೆಳೆದಿತ್ತು.

369ರಲ್ಲಿ ಅದೇ ಇಥೋಮೆಯ ತಪ್ಪಲಲ್ಲಿ ಬಿಡುಗಡೆಯಾದವರ ಮೆಸ್ಸೀನ್ ನಗರ ಎದ್ದಿತು. ಅದರ ಕೋಟೆಗೋಡೆ ಅಲ್ಲಲ್ಲಿ ಇವತ್ತಿಗೂ ನಿಂತಿದೆ. ಪ್ರಕೃತಿ ಯಾರನ್ನೂ ಗುಲಾಮನನ್ನಾಗಿ ಹುಟ್ಟಿಸಿಲ್ಲ ಎಂದು ಅಲ್ಸಿಡಾಮಸ್ ಎಂಬಾತ ಮೆಸ್ಸೀನಿಯನ್ನರ ಪರ ಭಾಷಣ ರಚಿಸಿದ. ಕೆಲವರು ಹುಟ್ಟಿನಿಂದಲೇ ಗುಲಾಮರು ಎಂದು ಅರಿಸ್ಟಾಟಲ್ 'ಪಾಲಿಟಿಕ್ಸ್'ನಲ್ಲಿ ಬರೆದ. ನಮ್ಮ ತರಗತಿಗಳಲ್ಲಿ ಅರಿಸ್ಟಾಟಲನ ಕಾವ್ಯಮೀಮಾಂಸೆಯ ಪಾಠ ನಡೆಯುತ್ತದೆ. ಅಲ್ಸಿಡಾಮಸನ ಆ ಮಾತು ಉಳಿದಿರುವುದು ಅರಿಸ್ಟಾಟಲನ 'ರೆಟರಿಕ್' ಗ್ರಂಥಕ್ಕೆ ಹಳೆಯ ಟಿಪ್ಪಣಿಕಾರನೊಬ್ಬ ಬರೆದ ಟಿಪ್ಪಣಿಯಲ್ಲಿ. ದಲಿತ ವಿಮರ್ಶೆ ಮೂಲ ಪಠ್ಯದಷ್ಟೇ ಎಚ್ಚರದಿಂದ ಇಂಥ ಟಿಪ್ಪಣಿಗಳನ್ನೂ ಓದಬೇಕು.