ನಾಲ್ಕು ಚೀಟಿಗಳ ಪಾಠ



ಸಂಖ್ಯಾಶಾಸ್ತ್ರದ ಪರೀಕ್ಷೆ ಹತ್ತಿರ ಬಂತೆಂದರೆ ನಿಮ್ಮಲ್ಲಿ ಹಲವರು ಸೂತ್ರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳುತ್ತೀರಿ. ಬಿ.ಎಸ್ಸಿ. ಓದುವಾಗ ನಾನೂ ಹಾಗೆಯೇ ಮಾಡಿದ್ದೆ. ಟಿ-ಪರೀಕ್ಷೆಯ ಸೂತ್ರ ಬಾಯಿಪಾಠವಾಗಿತ್ತು. ಆದರೆ ಪ್ರಶ್ನೆಪತ್ರಿಕೆ ಕೇಳಿದ್ದೇ ಬೇರೆ: ಮಾನಕ ವಿಚಲನೆ ಕಂಡುಹಿಡಿಯುವಾಗ ಅಳತೆಗಳ ಸಂಖ್ಯೆಗಿಂತ ಒಂದು ಕಡಿಮೆ ಮಾಡಿ ಭಾಗಿಸುವುದೇಕೆ? ನನ್ನ ಉತ್ತರ ಪತ್ರಿಕೆಯಲ್ಲಿ ಆ ಜಾಗ ಖಾಲಿ ಉಳಿಯಿತು. ಸೂತ್ರದ ಹಿಂದಿನ ಕಥೆ ಆಗ ನನಗೆ ಗೊತ್ತಿರಲಿಲ್ಲ.

ಕಥೆ ಆರಂಭವಾಗುವುದು ಐರ್ಲೆಂಡಿನ ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ. ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರ ಮತ್ತು ಗಣಿತ ಓದಿದ್ದ ವಿಲಿಯಂ ಸೀಲಿ ಗಾಸೆಟ್ 1899ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದರು. ಯಾವ ತಳಿಯ ಬಾರ್ಲಿ ಉತ್ತಮ ಎಂದು ತಿಳಿಯಲು ಪ್ರಯೋಗ ಮಾಡಬೇಕು. ಪ್ರತಿ ಪ್ರಯೋಗಕ್ಕೂ ಹಣ ಬೇಕು, ಹೊಲ ಬೇಕು, ಒಂದು ಬೆಳೆಯ ಕಾಲ ಕಾಯಬೇಕು. ಹೀಗಾಗಿ ಕೈಗೆ ಸಿಗುತ್ತಿದ್ದುದು ಬೆರಳೆಣಿಕೆಯ ಅಳತೆಗಳು ಮಾತ್ರ. ಆಗಿನ ಸಂಖ್ಯಾಶಾಸ್ತ್ರವೋ ನೂರಾರು ಅಳತೆಗಳನ್ನು ನೆಚ್ಚಿಕೊಂಡಿತ್ತು. ನಾಲ್ಕೇ ಅಳತೆಗಳಿಂದ ಲೆಕ್ಕ ಹಾಕಿದ ಮಾನಕ ವಿಚಲನೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಇದು ಗಾಸೆಟ್ ಅವರ ಪ್ರಶ್ನೆ.

1906-07ರಲ್ಲಿ ಅವರು ಲಂಡನ್ನಿಗೆ ಹೋಗಿ ಕಾರ್ಲ್ ಪಿಯರ್ಸನ್ ಅವರಲ್ಲಿ ಅಧ್ಯಯನ ಮಾಡಿದರು. ಲೆಕ್ಕದಿಂದ ಒಂದು ಉತ್ತರ ಹೊರಟಿತು. ಅದು ಸರಿಯೇ ಎಂದು ನೋಡಲು ಅವರು ಮಾಡಿದ್ದು ನೀವೂ ಮಾಡಬಹುದಾದ ಕೆಲಸ. 3000 ಅಪರಾಧಿಗಳ ಎತ್ತರ ಮತ್ತು ಎಡಗೈಯ ನಡುಬೆರಳಿನ ಉದ್ದವನ್ನು 3000 ರಟ್ಟಿನ ಚೀಟಿಗಳಲ್ಲಿ ಬರೆದರು. ಚೆನ್ನಾಗಿ ಕಲೆಸಿ, ನಾಲ್ಕು ನಾಲ್ಕರಂತೆ ತೆಗೆದು 750 ಗುಂಪು ಮಾಡಿದರು. ಪ್ರತಿ ಗುಂಪಿನ ಸರಾಸರಿ, ಮಾನಕ ವಿಚಲನೆಗಳನ್ನು ಲೆಕ್ಕ ಹಾಕಿ ತಮ್ಮ ಉತ್ತರದೊಡನೆ ಹೋಲಿಸಿದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದೆಂಥ ತಾಳ್ಮೆಯ ಕೆಲಸ, ಯೋಚಿಸಿ!

1908ರಲ್ಲಿ ಈ ಲೇಖನ 'ಬಯೊಮೆಟ್ರಿಕಾ' ಪತ್ರಿಕೆಯಲ್ಲಿ ಪ್ರಕಟವಾಯಿತು. ನೌಕರರು ಸ್ವಂತ ಹೆಸರಿನಲ್ಲಿ ಸಂಶೋಧನೆ ಪ್ರಕಟಿಸುವುದು ಕಂಪನಿಗೆ ಒಪ್ಪಿಗೆಯಿರಲಿಲ್ಲ. ಆದ್ದರಿಂದ ಲೇಖಕರ ಹೆಸರಿನ ಜಾಗದಲ್ಲಿ 'ಸ್ಟೂಡೆಂಟ್' ಎಂದಷ್ಟೇ ಇತ್ತು. ಮುಂದೆ ಆರ್.ಎ. ಫಿಶರ್ ಅದನ್ನು ಇಂದಿನ 'ಟಿ' ರೂಪಕ್ಕೆ ತಂದು, 'ಡಿಗ್ರೀಸ್ ಆಫ್ ಫ್ರೀಡಮ್' ಎಂಬ ಕಲ್ಪನೆಯನ್ನು ಜೋಡಿಸಿದರು.

ಈಗ ನನ್ನ ಖಾಲಿ ಜಾಗಕ್ಕೆ ಬರೋಣ. ನಾಲ್ಕು ಅಳತೆಗಳಿಂದ ಅವುಗಳದೇ ಸರಾಸರಿಯನ್ನು ಕಳೆದರೆ ಬರುವ ವ್ಯತ್ಯಾಸಗಳ ಮೊತ್ತ ಯಾವಾಗಲೂ ಸೊನ್ನೆ. ಮೂರು ವ್ಯತ್ಯಾಸಗಳು 2, -1, 3 ಆದರೆ ನಾಲ್ಕನೆಯದು -4 ಆಗಲೇಬೇಕು. ಸ್ವತಂತ್ರವಾಗಿರುವವು ಮೂರೇ. ಅಲ್ಲದೆ, ಅಳತೆಗಳು ತಮ್ಮದೇ ಸರಾಸರಿಗೆ ಹತ್ತಿರ ಇರುವುದರಿಂದ ನಾಲ್ಕರಿಂದ ಭಾಗಿಸಿದರೆ ಏರಿಳಿತ ನಿಜಕ್ಕಿಂತ ಕಡಿಮೆ ಕಾಣುವ ಕಡೆಗೇ ವಾಲುತ್ತದೆ. ಮೂರರಿಂದ ಭಾಗಿಸುವುದು ಇದಕ್ಕಾಗಿ.

ನಿಮ್ಮ ಪಠ್ಯದ ಹಿಂಬದಿಯ ಕೋಷ್ಟಕ ತೆರೆಯಿರಿ. ಶೇಕಡಾ 5ರ ಮಟ್ಟದಲ್ಲಿ, ಎರಡೂ ಬದಿ ಸೇರಿಸಿ ನೋಡಿದರೆ, ಪ್ರಸಾಮಾನ್ಯ ವಿತರಣೆಯ ಬೆಲೆ 1.96. ಅಳತೆ ನಾಲ್ಕಿದ್ದರೆ ಟಿ ಬೆಲೆ 3.182, ಹತ್ತಿದ್ದರೆ 2.262, ಮೂವತ್ತೊಂದಿದ್ದರೆ 2.042. ಮಾಹಿತಿ ಹೆಚ್ಚಿದಂತೆ ಟಿ ಬೆಲೆ 1.96ರತ್ತ ಇಳಿಯುತ್ತದೆ. ಕಡಿಮೆ ತಿಳಿದವನು ಹೆಚ್ಚು ಎಚ್ಚರದಿಂದ ಮಾತನಾಡಬೇಕು. ಕೋಷ್ಟಕ ಹೇಳುವುದು ಇಷ್ಟೇ.

ಪರೀಕ್ಷೆಗೆ ಮುನ್ನ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ನಿಮ್ಮ ತರಗತಿಯ ನಲವತ್ತು ಗೆಳೆಯರ ಎತ್ತರವನ್ನು ಚೀಟಿಗಳಲ್ಲಿ ಬರೆದು, ಕಲೆಸಿ, ನಾಲ್ಕು ನಾಲ್ಕಾಗಿ ತೆಗೆದು ಸರಾಸರಿ ಕಂಡುಹಿಡಿಯಿರಿ. ಆ ಹತ್ತು ಸರಾಸರಿಗಳು ಎಷ್ಟೆಷ್ಟು ಬೇರೆಯಾಗುತ್ತವೆಂದು ಕಣ್ಣಾರೆ ನೋಡಿ. ಆಮೇಲೆ ಸೂತ್ರದ ಹಾಳೆಯನ್ನು ಗೋಡೆಯಿಂದ ತೆಗೆದರೂ ಚಿಂತೆಯಿಲ್ಲ.