ಔಷಧದ ಅವಧಿ ಮತ್ತು ಒಂದು ಪದದ ಅರ್ಥ

ಸೂತ್ರ ಒಂದೇ ಆದರೂ ವ್ಯಾಖ್ಯಾನಗಳು ಎರಡಾಗುವುದನ್ನು ಶಾಸ್ತ್ರಗ್ರಂಥಗಳನ್ನು ಓದಿದವರು ಬಲ್ಲರು. ವ್ಯಾಕರಣದಲ್ಲಿ ಇದರಿಂದ ವಾದ ಬೆಳೆದೀತೇ ಹೊರತು ಯಾರ ಮನೆಯ ಖರ್ಚೂ ಹೆಚ್ಚಲಾರದು. ಔಷಧಕ್ಕೆ ಸಂಬಂಧಿಸಿದ ಕಾನೂನಿನಲ್ಲಿ ಹಾಗಲ್ಲ. ಯೂರೋಪಿನಲ್ಲಿ ನಡೆದ ಒಂದು ಪ್ರಸಂಗ ಇದಕ್ಕೆ ನಿದರ್ಶನ.

ಅಲ್ಲಿ ಹೊಸ ಔಷಧದ ಪೇಟೆಂಟಿಗೆ 20 ವರ್ಷಗಳ ಅವಧಿ. ಎಣಿಕೆ ಮಾತ್ರ ಅರ್ಜಿ ಸಲ್ಲಿಸಿದ ದಿನದಿಂದಲೇ ಮೊದಲು. ಪರೀಕ್ಷೆಗಳೆಲ್ಲ ಮುಗಿದು ಮಾರಾಟಕ್ಕೆ ಅನುಮತಿ ದೊರೆಯುವ ವೇಳೆಗೆ ಇದರಲ್ಲಿ ಎಷ್ಟೋ ವರ್ಷಗಳು ಸಂದುಹೋಗಿರುತ್ತವೆ. ಈ ನಷ್ಟವನ್ನು ತುಂಬಿಕೊಡಲೆಂದು 1992ರಲ್ಲಿ ‘ಪೂರಕ ರಕ್ಷಣಾ ಪ್ರಮಾಣಪತ್ರ’ವೆಂಬ ಏರ್ಪಾಡು ಜಾರಿಗೆ ಬರುವಂತೆ ಶಾಸನವಾಯಿತು. ಅರ್ಜಿಗೂ ಅನುಮತಿಗೂ ನಡುವಣ ಕಾಲದಲ್ಲಿ 5 ವರ್ಷ ಕಳೆದು ಉಳಿದಷ್ಟು ಅವಧಿ ಹೆಚ್ಚಾಗಿ ದೊರೆಯುತ್ತದೆ. ಸಾಮಾನ್ಯವಾಗಿ 5 ವರ್ಷಕ್ಕೆ ಮೀರುವಂತಿಲ್ಲ. ನಡುವೆ 9 ವರ್ಷ ಹಿಡಿದಿದ್ದರೆ 4 ವರ್ಷದ ಲಾಭ. ಆದರೆ ಆ ಅನುಮತಿಯು ಆ ವಸ್ತುವಿಗೆ ಔಷಧವಾಗಿ ದೊರೆತ ‘ಮೊದಲ’ ಅನುಮತಿಯಾಗಿರಬೇಕು.

ತೊಡಕು ಹುಟ್ಟಿದ್ದು ಈ ‘ಮೊದಲ’ ಎಂಬ ಪದದಲ್ಲಿ. ನ್ಯೂರಿಮ್ ಎಂಬ ಸಂಸ್ಥೆ ಮೆಲಟೋನಿನ್ ಎಂಬ ವಸ್ತುವಿನಿಂದ ನಿದ್ರಾಹೀನತೆಗೆ ಔಷಧವನ್ನು ಸಿದ್ಧಪಡಿಸಿ 2007ರಲ್ಲಿ ಅನುಮತಿ ಪಡೆಯಿತು. ಅದೇ ವಸ್ತುವನ್ನು ಕುರಿಗಳ ಸಂತಾನೋತ್ಪತ್ತಿಯ ಕಾಲವನ್ನು ನಿಯಂತ್ರಿಸಲು ಬಳಸುವುದಕ್ಕೆ ಅದಕ್ಕೂ ಮುಂಚೆಯೇ ಅನುಮತಿ ದೊರೆತಿತ್ತು. ಆದ್ದರಿಂದ ಮನುಷ್ಯರ ಔಷಧದ್ದು ಮೊದಲ ಅನುಮತಿಯಲ್ಲವೆಂದು ಬ್ರಿಟನ್ನಿನ ಪೇಟೆಂಟು ಕಚೇರಿ ನಿರಾಕರಿಸಿತು. ವ್ಯಾಜ್ಯವು ಲಕ್ಸೆಂಬರ್ಗಿನ ಯೂರೋಪಿಯನ್ ನ್ಯಾಯಾಲಯಕ್ಕೆ ಹೋಯಿತು. ಉಪಯೋಗ ಬೇರೆಯಾದುದರಿಂದ ಕುರಿಯ ಔಷಧ ಅಡ್ಡಿಯಾಗದೆಂದು ಆ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿತು.

ಹಾಗಾದರೆ ಹಳೆಯ ವಸ್ತುವಿನ ಪ್ರತಿಯೊಂದು ಹೊಸ ಉಪಯೋಗಕ್ಕೂ ಈ ತೀರ್ಪು ಅನ್ವಯಿಸುವುದೆ, ಪಶುವಿನ ಔಷಧ ಮನುಷ್ಯನಿಗೆ ಬಂದಾಗ ಮಾತ್ರವೆ? ಈ ಪ್ರಶ್ನೆಗೆ ಒಂದೊಂದು ದೇಶದ ಕಚೇರಿ ಒಂದೊಂದು ಬಗೆಯಾಗಿ ಉತ್ತರಿಸಿತು. ಕಡೆಗೆ ಸ್ಯಾಂಟೆನ್ ಸಂಸ್ಥೆಯ ಕಣ್ಣಿನ ಔಷಧದ ಮೊಕದ್ದಮೆ ಫ್ರಾನ್ಸಿನಿಂದ ಅದೇ ನ್ಯಾಯಾಲಯಕ್ಕೆ ಬಂದಿತು. ಅದರಲ್ಲಿದ್ದ ಸೈಕ್ಲೋಸ್ಪೋರಿನ್ ಎಂಬ ವಸ್ತುವಿಗೆ 1983ರಲ್ಲಿಯೇ ಬೇರೊಂದು ಔಷಧದಲ್ಲಿ ಅನುಮತಿ ದೊರೆತಿತ್ತು. 2020ರ ಜುಲೈ 9ರಂದು ನ್ಯಾಯಾಲಯವು ತನ್ನ ಹಿಂದಿನ ಅರ್ಥವನ್ನು ಕೈಬಿಟ್ಟಿತು: ವಸ್ತು ಒಂದೇ ಆದರೆ, ಉಪಯೋಗ ಹೊಸದಾದರೂ ಅನುಮತಿ ‘ಮೊದಲ’ದಾಗದು.

ಎಂಟು ವರ್ಷಗಳಲ್ಲಿ ಶಾಸನದ ಪದ ಬದಲಾಗಲಿಲ್ಲ, ಅರ್ಥ ಮಾತ್ರ ಬದಲಾಯಿತು. ಹಳೆಯ ಔಷಧದಲ್ಲಿ ಹೊಸ ಗುಣವನ್ನರಸಿ ಹಣ ತೊಡಗಿಸಿದವರ ಲೆಕ್ಕಾಚಾರ ಇದರಿಂದ ತಲೆಕೆಳಗಾಯಿತು. ಅದಕ್ಕೂ ಹಿಂದಿನ ವರ್ಷಗಳಲ್ಲಿ, ಅಗ್ಗದ ಔಷಧವನ್ನು ತಯಾರಿಸಬಲ್ಲವರಿಗೆ ಯಾವ ದಿನದಿಂದ ಮಾರಬಹುದೆಂಬುದೇ ನಿಶ್ಚಯವಿರಲಿಲ್ಲ. ಅವಧಿ ದೀರ್ಘವಿರಲಿ, ಹ್ರಸ್ವವಿರಲಿ, ಅದು ಮುಗಿಯುವ ದಿನ ಮುಂಚಿತವಾಗಿ ತಿಳಿದಿರಬೇಕು. ಆ ದಿನಕ್ಕಾಗಿ ಕಾಯುವವರಲ್ಲಿ ವ್ಯಾಪಾರಿಗಳಷ್ಟೇ ಅಲ್ಲ, ರೋಗಿಗಳೂ ಇದ್ದಾರೆ.